ಕಾಮಡೋರ್ ಗಣಕವೂ ಮನೆಯಲ್ಲಿ ಮಾಡಿದ ಕಾರ್ಟ್ರಿಜ್ಜುಗಳೂ

ರಾಜರ ಜಯಾಪಜಯಗಳನ್ನೂ ರಾಜ್ಯಗಳ ಏಳುಬೀಳುಗಳನ್ನೂ ಬರೆದಿಡುವುದಷ್ಟೇ ಚರಿತ್ರೆಯ ಕೆಲಸವೆಂಬ ಭಾವನೆ ಬಹುಕಾಲ ಇದ್ದಿತು. ಕಮ್ಮಾರನ ಕುಲುಮೆಗೂ ನೇಕಾರನ ಮಗ್ಗಕ್ಕೂ ಲಿಪಿಕಾರನ ಲೇಖನಿಗೂ ಚರಿತ್ರೆಯುಂಟೆಂಬುದನ್ನು ವಿದ್ವಾಂಸರು ಒಪ್ಪಿಕೊಂಡುದು ತಡವಾಗಿ. ಇನ್ನು ಆಟದ ಸಾಮಾನಿಗೂ ಚರಿತ್ರೆಯುಂಟೆಂದರೆ ಕೆಲವರು ನಗಬಹುದು. ಆದರೆ ಆಟದ ಸಾಮಾನಿನ ನೆವದಿಂದಲೇ ಒಂದು ದೊಡ್ಡ ಪ್ರಶ್ನೆ ಎದ್ದು, ನ್ಯಾಯಸ್ಥಾನದ ಮೆಟ್ಟಲನ್ನೇರಿ, ಹೆಸರಾಂತ ಕಂಪೆನಿಗಳ ಅಳಿವು ಉಳಿವುಗಳೊಡನೆ ಹೆಣೆದುಕೊಂಡಿದ್ದರೆ, ಅದನ್ನು ಬರಿಯ ಆಟವೆಂದು ತಳ್ಳಿಬಿಡುವುದು ಯುಕ್ತವಲ್ಲ. ಒಂದು ಯಂತ್ರವನ್ನು ಹಣ ಕೊಟ್ಟು ಕೊಂಡವನಿಗೆ, ಅದರಲ್ಲಿ ತನ್ನ ಬರಹವನ್ನು ತಾನೇ ಬರೆದು ನಡೆಸುವ ಅಧಿಕಾರವುಂಟೋ ಇಲ್ಲವೋ? ಇದೇ ಆ ಪ್ರಶ್ನೆ. ಕಾಮಡೋರ್ 64 ಎಂಬ ಗೃಹಗಣಕಕ್ಕಾಗಿ ಹವ್ಯಾಸಿಗಳು ಮನೆಯಲ್ಲಿಯೇ ಮಾಡಿಕೊಂಡು ಬಂದಿರುವ ಆಟದ ಕಾರ್ಟ್ರಿಜ್ಜುಗಳ ವೃತ್ತಾಂತದಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ದೊರೆಯುತ್ತದೆ.

ಕಾರ್ಟ್ರಿಜ್ಜಿನ ಮೂಲ

1970ರ ದಶಕದ ಆದಿಯವರೆಗೂ ಗಣಕಯಂತ್ರವೆಂಬುದು ಸರಕಾರಗಳ, ವಿಶ್ವವಿದ್ಯಾನಿಲಯಗಳ ಮತ್ತು ದೊಡ್ಡ ವ್ಯಾಪಾರಸ್ಥರ ಸೊತ್ತಾಗಿದ್ದಿತು. ಆ ದಶಕದ ಕೊನೆಯ ವೇಳೆಗೆ, ಟೆಲಿವಿಷನ್ನಿಗೆ ಜೋಡಿಸಿ ಮೇಜಿನ ಮೇಲಿಟ್ಟುಕೊಳ್ಳಬಹುದಾದ ಸಣ್ಣ ಗಣಕಗಳು ಅಮೆರಿಕ, ಇಂಗ್ಲೆಂಡು, ಜಪಾನುಗಳ ಮನೆಗಳನ್ನು ಪ್ರವೇಶಿಸಿದುವು. ಇವುಗಳಲ್ಲಿ ಹಲವಕ್ಕೆ ಒಡಲೆಲ್ಲವೂ ಕೀಲಿಮಣೆಯ ಅಡಿಯಲ್ಲಿಯೇ ಅಡಗಿದ್ದು, ಹೊರಮೈಯಲ್ಲಿ ಉದ್ದನೆಯ ಒಂದು ಸೀಳುಗಂಡಿ ಇರುತ್ತಿದ್ದಿತು. ಆ ಗಂಡಿಯಲ್ಲಿ ತೂರಿಸುವ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೇ ಕಾರ್ಟ್ರಿಜ್ಜು. ಅದರೊಳಗೆ ಒಂದು ತೆಳುಹಲಗೆ. ಹಲಗೆಯ ಮೇಲೆ ಒಂದೋ ಎರಡೋ ಚಿಪ್ಪುಗಳು. ಆ ಚಿಪ್ಪುಗಳಲ್ಲಿ ಆಟದ ವಿಧಿಗಳೆಲ್ಲವೂ ಲಿಖಿತವಾಗಿರುತ್ತವೆ.

ಗಣಕಕ್ಕೆ ಎರಡು ಬಗೆಯ ಸ್ಮೃತಿಗಳುಂಟು. ಬರೆದು, ಅಳಿಸಿ, ಮತ್ತೆ ಬರೆಯಬಹುದಾದುದು ಒಂದು. ವಿದ್ಯುತ್ತು ನಿಂತೊಡನೆ ಅದರಲ್ಲಿರುವುದೆಲ್ಲ ಮಾಸಿಹೋಗುತ್ತದೆ. ಮರಳಿನ ಮೇಲೆ ಮಕ್ಕಳು ತಿದ್ದುವ ಅಕ್ಷರಗಳಿಗೆ ಇದನ್ನು ಹೋಲಿಸಬಹುದು. ಒಮ್ಮೆ ಬರೆದುದು ಸ್ಥಿರವಾಗಿ ನಿಲ್ಲುವುದು ಇನ್ನೊಂದು; ಇದು ಶಿಲಾಶಾಸನದಂತೆ ಓದುವುದಕ್ಕೆ ಮಾತ್ರ ಒದಗತಕ್ಕದ್ದು. ಇದಕ್ಕೆ ರೋಮ್ ಎಂದು ಹೆಸರು. ಕಾರ್ಟ್ರಿಜ್ಜಿನಲ್ಲಿರುವುದು ಈ ಎರಡನೆಯ ಬಗೆ.

ಮೊದಮೊದಲು ಮನೆಗಳಿಗೆ ಬಂದ ಆಟದ ಯಂತ್ರಗಳಲ್ಲಿ ಆಟವು ಯಂತ್ರದ ತಂತಿಗಳಲ್ಲಿಯೇ ಕಟ್ಟುಬಿದ್ದಿದ್ದಿತು. ಬೇರೆ ಆಟ ಬೇಕಾದರೆ ಬೇರೆ ಯಂತ್ರವನ್ನೇ ಕೊಳ್ಳಬೇಕಾಗಿದ್ದಿತು. ಆಟವನ್ನು ಯಂತ್ರದಿಂದ ಬೇರ್ಪಡಿಸಿ ಬಿಡಿಯಾಗಿ ಮಾರಬಹುದೆಂಬ ಯೋಚನೆಯನ್ನು ಆಲ್ಪೆಕ್ಸ್ ಎಂಬ ಅಮೆರಿಕದ ಸಣ್ಣ ಕಂಪೆನಿಯಲ್ಲಿದ್ದ ವ್ಯಾಲೆಸ್ ಕರ್ಷ್ನರ್ ಮತ್ತು ಲಾರೆನ್ಸ್ ಹ್ಯಾಸ್ಕೆಲ್ ಎಂಬಿಬ್ಬರು ಕಾರ್ಯರೂಪಕ್ಕೆ ತಂದರು. ಅದನ್ನು ಫೇರ್‌ಚೈಲ್ಡ್ ಕಂಪೆನಿಯವರು ಕೈಗೆತ್ತಿಕೊಂಡು, ಜೆರಾಲ್ಡ್ ಲಾಸನ್ ಎಂಬ ಎಂಜಿನಿಯರನ ಮುಂದಾಳ್ತನದಲ್ಲಿ ಪರಿಷ್ಕರಿಸಿ, 1976ರಲ್ಲಿ ಚಾನೆಲ್ ಎಫ್ ಎಂಬ ಯಂತ್ರವನ್ನು ಹೊರಡಿಸಿದರು. ಮರುವರ್ಷ ಅಟಾರಿ ಕಂಪೆನಿಯ ಯಂತ್ರವು ಬಂದು ಕಾರ್ಟ್ರಿಜ್ಜನ್ನು ಮನೆಮಾತಾಗಿ ಮಾಡಿತು. ಹೀಗೆ ಓಲೆಯ ಕಟ್ಟು ಬೇರೆ, ಅದನ್ನಿಟ್ಟು ಓದುವ ವ್ಯಾಸಪೀಠ ಬೇರೆ ಎಂಬಂತಾಯಿತು.

ಬರೆಯುವ ಅಧಿಕಾರ ಯಾರದು?

ಪುಸ್ತಕವು ಪೀಠದಿಂದ ಬೇರೆಯಾದೊಡನೆ ಮೇಲೆ ಹೇಳಿದ ಪ್ರಶ್ನೆಯು ತಲೆಯೆತ್ತಿತು. ಅಟಾರಿಯ ಆಟಗಳನ್ನು ರಚಿಸುತ್ತಿದ್ದವರ ಹೆಸರನ್ನು ಆ ಕಂಪೆನಿಯು ಡಬ್ಬಿಯ ಮೇಲೆ ಅಚ್ಚುಮಾಡುತ್ತಿರಲಿಲ್ಲ. ಆಟವು ಎಷ್ಟು ಮಾರಾಟವಾದರೂ ಕರ್ತೃವಿಗೆ ಸಂಬಳವಷ್ಟೇ ಸಲ್ಲುತ್ತಿದ್ದಿತು. ಇದರಿಂದ ಮನನೊಂದ ನಾಲ್ವರು ಹೊರಬಿದ್ದು 1979ರಲ್ಲಿ ಆಕ್ಟಿವಿಷನ್ ಎಂಬ ಸ್ವಂತ ಕಂಪೆನಿಯನ್ನು ಕಟ್ಟಿ, ಅಟಾರಿಯ ಯಂತ್ರಕ್ಕೇ ಹೊಂದುವ ಆಟಗಳನ್ನು ಬರೆದು ಮಾರತೊಡಗಿದರು. ಕರ್ತೃವಿನ ಹೆಸರು ಆಗ ಆಟದ ಡಬ್ಬಿಯ ಮೇಲೇರಿತು. ಅಟಾರಿಯು 1980ರಲ್ಲಿ ವ್ಯಾಜ್ಯ ಹೂಡಿತು. 1982ರಲ್ಲಿ ರಾಜಿಯಾಗಿ, ಆಕ್ಟಿವಿಷನ್ನಿನವರು ಗೌರವಧನವನ್ನು ಸಲ್ಲಿಸುತ್ತ ಆಟಗಳನ್ನು ಮಾರಬಹುದೆಂದು ತೀರ್ಮಾನವಾಯಿತು. ಯಂತ್ರ ಮಾಡಿದವನೇ ಅದಕ್ಕೆ ಆಟ ಬರೆಯಬೇಕೆಂಬ ಕಟ್ಟು ಅಂದಿಗೆ ಸಡಿಲಿತು. ಆದರೆ ಇದು ವ್ಯಾಪಾರಿಗೂ ವ್ಯಾಪಾರಿಗೂ ನಡುವಣ ಮಾತು. ಸಾಮಾನ್ಯ ಗೃಹಸ್ಥನು ತನ್ನ ಮನೆಯಲ್ಲಿ ಕುಳಿತು ಕಾರ್ಟ್ರಿಜ್ಜನ್ನು ಮಾಡಬಲ್ಲನೇ ಎಂಬುದು ಮುಂದಿನ ಪ್ರಶ್ನೆ.

ಕಾಮಡೋರ್ 64

ಕಾಮಡೋರ್ ಕಂಪೆನಿಯ ಸ್ಥಾಪಕನಾದ ಜಾಕ್ ಟ್ರಮೀಲನು 1928ರಲ್ಲಿ ಪೋಲೆಂಡಿನ ಊಜ್ ನಗರದಲ್ಲಿ ಹುಟ್ಟಿದ ಯೆಹೂದಿ. ಹದಿಹರೆಯದಲ್ಲಿಯೇ ಆಶ್‌ವಿಟ್ಸ್ ಸೆರೆಶಿಬಿರವನ್ನು ಕಂಡು ಬದುಕಿ ಬಂದವನು. ಅಮೆರಿಕಕ್ಕೆ ವಲಸೆಹೋಗಿ ಟೈಪ್‌ರೈಟರುಗಳನ್ನು ದುರಸ್ತಿಮಾಡುವ ಕೆಲಸದಿಂದ ಮೇಲೆ ಬಂದನು. ಗಣಕವು ಸಿರಿವಂತರ ಸೊತ್ತಾಗದೆ ಸಾಮಾನ್ಯರ ಕೈಗೆ ಎಟುಕಬೇಕೆಂಬುದು ಅವನ ಹಟ. 1976ರಲ್ಲಿ ಚಿಪ್ಪು ತಯಾರಿಸುವ ಮಾಸ್ ಟೆಕ್ನಾಲಜಿ ಎಂಬ ಕಂಪೆನಿಯನ್ನೇ ಕೊಂಡುಕೊಂಡುದರಿಂದ ಕಾಮಡೋರಿನವರಿಗೆ ಚಿಪ್ಪುಗಳು ಅಗ್ಗವಾಗಿ ಒದಗಿದುವು. ಅಮೆರಿಕದಲ್ಲಿ 1981ರಲ್ಲಿ ಹೊರಟ ಅವರ ವಿಕ್ 20 ಎಂಬ ಗಣಕವು ಹತ್ತು ಲಕ್ಷ ಮಾರಾಟವಾದ ಗಣಕಗಳಲ್ಲಿ ಮೊದಲನೆಯದು. 1982ರ ಜನವರಿಯಲ್ಲಿ ಪ್ರದರ್ಶಿತವಾಗಿ ಅದೇ ವರ್ಷ 595 ಡಾಲರಿಗೆ ಮಾರಾಟಕ್ಕೆ ಬಂದ ಕಾಮಡೋರ್ 64ರ ಕೀರ್ತಿ ಇದನ್ನೂ ಮೀರಿಸಿತು. ಅದು ಒಂದು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಹೆಸರಿನಲ್ಲಿರುವ 64 ಎಂಬುದು ಅದರ ಸ್ಮೃತಿಯ ಪ್ರಮಾಣ, ಎಂದರೆ 64 ಕಿಲೋಬೈಟು.

ಈ ಯಂತ್ರಕ್ಕೆ ಆಟಗಳನ್ನು ಊಡಿಸಲು ಮೂರು ದಾರಿಗಳಿದ್ದುವು. ಟೇಪು ಅಗ್ಗ, ಆದರೆ ಒಂದು ಆಟವು ಒಳಹೊಕ್ಕು ಸಿದ್ಧವಾಗಲು ಹಲವು ನಿಮಿಷಗಳು ಕಾಯಬೇಕು. ತಟ್ಟೆಯ ಯಂತ್ರಕ್ಕೆ ಬೆಲೆ ಹೆಚ್ಚು. ಅದರ ವೇಗವಾದರೂ ಸೆಕೆಂಡಿಗೆ ಸುಮಾರು 400 ಬೈಟು ಮಾತ್ರ. ಕಾರ್ಟ್ರಿಜ್ಜಾದರೋ ಗುಂಡಿಯೊತ್ತಿದ ಕ್ಷಣದಲ್ಲಿಯೇ ಆಟವನ್ನು ಮುಂದೆ ನಿಲ್ಲಿಸುತ್ತದೆ. ಏಕೆಂದರೆ ಅದು ಹೊರಗಿನಿಂದ ಒಳಕ್ಕೆ ನಕಲು ಮಾಡಿಕೊಳ್ಳಬೇಕಾದ ಬರಹವಲ್ಲ. ಗಂಡಿಯಲ್ಲಿ ಕುಳಿತೊಡನೆ ಯಂತ್ರದ ಸ್ಮೃತಿಯ ಒಂದು ಭಾಗವೇ ಆಗಿಬಿಡುತ್ತದೆ.

ಈ ಗಂಡಿಯಲ್ಲಿ ಮೇಲೆ 22, ಕೆಳಗೆ 22, ಒಟ್ಟು 44 ಸಂಪರ್ಕಗಳು. ಯಾವ ಸ್ಥಾನದ ಅಕ್ಷರ ಬೇಕೆಂಬುದನ್ನು ಸೂಚಿಸುವ ತಂತಿಗಳು 16. ಅಕ್ಷರವನ್ನು ಹೊತ್ತು ತರುವ ತಂತಿಗಳು 8. ಉಳಿದುವು ವಿದ್ಯುತ್ತಿಗೂ ಹಲವು ಸಂಜ್ಞೆಗಳಿಗೂ ಮೀಸಲು. ಸಂಜ್ಞೆಗಳಲ್ಲಿ ಎಕ್ಸ್‌ರೋಮ್ ಮತ್ತು ಗೇಮ್ ಎಂಬೆರಡು ಮುಖ್ಯವಾದುವು. ಎಕ್ಸ್‌ರೋಮನ್ನು ಮಾತ್ರ ನೆಲದ ತಂತಿಗೆ ಕೂಡಿಸಿದರೆ, 8 ಕಿಲೋಬೈಟಿನ ಕಾರ್ಟ್ರಿಜ್ಜು ಬಂದಿದೆಯೆಂದು ಯಂತ್ರವು ತಿಳಿಯುತ್ತದೆ. ಎರಡನ್ನೂ ಕೂಡಿಸಿದರೆ 16 ಕಿಲೋಬೈಟಿನದೆಂದು ಅರ್ಥ. ಗೇಮನ್ನು ಮಾತ್ರ ಕೂಡಿಸಿದರೆ, ಜಪಾನಿನಲ್ಲಿ 1982ರಲ್ಲಿ ಹೊರಟ ಮ್ಯಾಕ್ಸ್ ಎಂಬ ಚಿಕ್ಕ ಯಂತ್ರದ ರೀತಿಯಲ್ಲಿ ಗಣಕವು ನಡೆದುಕೊಳ್ಳುತ್ತದೆ.

ಇನ್ನೊಂದು ವಿಶೇಷವುಂಟು. ಯಂತ್ರವು ಎಚ್ಚರಗೊಂಡೊಡನೆ ತನ್ನ ಸ್ಮೃತಿಯ 32772ನೆಯ ಸ್ಥಾನದಿಂದ ಐದು ಅಕ್ಷರಗಳನ್ನು ಓದಿನೋಡುತ್ತದೆ. ಅಲ್ಲಿ 195, 194, 205, 56, 48 ಎಂಬ ಸಂಖ್ಯೆಗಳು ಅನುಕ್ರಮವಾಗಿದ್ದರೆ, ಅವು ಸಿ, ಬಿ, ಎಂ, ಎಂಟು, ಸೊನ್ನೆ ಎಂಬುದರ ಸಂಕೇತವೆಂದು ಗುರುತಿಸಿ, ಕಾರ್ಟ್ರಿಜ್ಜು ಹೇಳಿದ ಸ್ಥಾನಕ್ಕೆ ಹೋಗಿ ಅದರ ಆಜ್ಞೆಯನ್ನು ನಡೆಸತೊಡಗುತ್ತದೆ. ಇಲ್ಲದಿದ್ದರೆ ಎಂದಿನಂತೆ ತನ್ನ ನೀಲಿಯ ತೆರೆಯನ್ನು ಬಿಚ್ಚಿ ಅಪ್ಪಣೆಗಾಗಿ ಕಾಯುತ್ತದೆ. ಓಲೆಗ್ರಂಥಗಳ ಮೊದಲಲ್ಲಿ ಬರೆಯುವ ಶ್ರೀಕಾರದಂತೆ ಇದು ಆರಂಭದ ಗುರುತೇ ಹೊರತು ಬಾಗಿಲಿಗೆ ಹಾಕಿದ ಬೀಗವಲ್ಲ. ಇದಕ್ಕೆ ಸಾಕ್ಷ್ಯವೇನೆಂದರೆ, ಕಾಮಡೋರಿನವರೇ 1982ರಲ್ಲಿ ಪ್ರಕಟಿಸಿದ ವಿಧಿಲೇಖಕರ ಕೈಪಿಡಿಯಲ್ಲಿ ಗಂಡಿಯ 44 ಸಂಪರ್ಕಗಳ ಹೆಸರುಗಳೂ, ಕೊನೆಯಲ್ಲಿ ಯಂತ್ರದ ಪೂರ್ಣ ನಕ್ಷೆಯೂ ಅಚ್ಚಾಗಿದ್ದುವು. ಹಣ ಕೊಟ್ಟು ಕೊಂಡವರೆಲ್ಲರೂ ಆ ಪುಸ್ತಕವನ್ನು ಓದಬಹುದಾಗಿದ್ದಿತು.

ಬರೆದು ಅಳಿಸುವ ಚಿಪ್ಪು

ನಕ್ಷೆ ದೊರೆತರೂ ಬರೆಯಲು ಓಲೆ ಬೇಕಷ್ಟೆ. ಕಂಪೆನಿಗಳು ಬಳಸುತ್ತಿದ್ದ ರೋಮ್ ಚಿಪ್ಪಿನಲ್ಲಿ ಅಕ್ಷರಗಳು ಕಾರ್ಖಾನೆಯಲ್ಲಿಯೇ ಅಚ್ಚೊತ್ತಲ್ಪಡುತ್ತಿದ್ದುವು. ಸಾವಿರಗಟ್ಟಲೆ ಮಾಡಿಸದ ಹೊರತು ಅದು ಗಿಟ್ಟದು. ಒಂದೇ ಪ್ರತಿಯನ್ನು ಬರೆಯಲು ಬೇಕಾದ ಚಿಪ್ಪನ್ನು ಕೊಟ್ಟವನು ಇಂಟೆಲ್ ಕಂಪೆನಿಯಲ್ಲಿದ್ದ ಡೋವ್ ಫ್ರೋಮನ್. 1939ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಈತನ ತಂದೆತಾಯಿಗಳು ನಾಜಿಗಳ ಹಿಂಸೆಯಲ್ಲಿ ಮಡಿದರು. ಮಗುವನ್ನು ಡಚ್ಚರ ಒಂದು ಕುಟುಂಬದವರು ಬಚ್ಚಿಟ್ಟು ಕಾಪಾಡಿದರು. ಯಂತ್ರವನ್ನು ಅಗ್ಗಮಾಡಿದ ಟ್ರಮೀಲ, ಚಿಪ್ಪನ್ನು ಕಂಡುಹಿಡಿದ ಫ್ರೋಮನ್ ಇಬ್ಬರೂ ಒಂದೇ ಪ್ರಳಯದಿಂದ ಪಾರಾಗಿ ಬಂದವರೆಂಬುದು ನೆನೆಯತಕ್ಕ ಸಂಗತಿ.

ಇಂಟೆಲ್ಲಿನ ಕೆಲವು ಚಿಪ್ಪುಗಳು ಕೆಡುತ್ತಿದ್ದುದಕ್ಕೆ ಕಾರಣವನ್ನು ಹುಡುಕುತ್ತಿದ್ದಾಗ ಫ್ರೋಮನ್ನನಿಗೆ ಈ ಹೊಸ ಉಪಾಯವು ಹೊಳೆಯಿತು. ಸುತ್ತಲೂ ನಿರೋಧಕದಿಂದ ಆವೃತವಾದ ಒಂದು ಕಣದಲ್ಲಿ ವಿದ್ಯುದಂಶವನ್ನು ಸೆರೆಹಿಡಿದರೆ ಅದು ವರ್ಷಗಟ್ಟಲೆ ಹೊರಬರಲಾರದು; ಅತಿನೇರಳೆ ಕಿರಣವನ್ನು ಹಾಯಿಸಿದರೆ ಮಾತ್ರ ಬಿಡುಗಡೆ ಹೊಂದುತ್ತದೆ. ದೋಷವನ್ನು ಪರೀಕ್ಷಿಸಹೋಗಿ ಗುಣವನ್ನು ಕಂಡಂತಾಯಿತು. 1971ರಲ್ಲಿ ಹೊರಬಂದ ಈ ಚಿಪ್ಪಿಗೆ ಈಪ್ರೋಮ್ ಎಂದು ಹೆಸರು. ಮೊದಲನೆಯದು 256 ಅಕ್ಷರಗಳನ್ನಷ್ಟೇ ಹಿಡಿಯುತ್ತಿದ್ದಿತು. ಕಾಮಡೋರ್ 64ರ ಕಾಲಕ್ಕೆ 2764 ಎಂಬ 28 ಕಾಲುಗಳ ಚಿಪ್ಪು ಬಂದು 8192 ಅಕ್ಷರಗಳನ್ನು ಹಿಡಿಯುವಂತಾಯಿತು. ಯಂತ್ರದ ಚಿಕ್ಕ ಕಾರ್ಟ್ರಿಜ್ಜಿನ ಪ್ರಮಾಣವೂ ಸರಿಯಾಗಿ ಇಷ್ಟೇ. ಅಚ್ಚಾದ ಪುಸ್ತಕದಲ್ಲಿ ನಾಲ್ಕೈದು ಪುಟಗಳಾಗುವಷ್ಟು ಅಕ್ಷರಗಳಲ್ಲಿ ಆಟದ ಚಿತ್ರ, ನಾದ, ನಿಯಮಗಳೆಲ್ಲವೂ ಅಡಕವಾಗಬೇಕು. ಸೂತ್ರಕಾರರು ಅರ್ಧಮಾತ್ರೆಯ ಲಾಘವಕ್ಕೆ ಹಿಗ್ಗುತ್ತಿದ್ದರೆಂಬ ಮಾತಿನ ಅರ್ಥವು ಇಂಥ ಕಾರ್ಟ್ರಿಜ್ಜು ಬರೆದವರಿಗೆ ಚೆನ್ನಾಗಿ ತಿಳಿದೀತು.

ಮಾಡುವ ಕ್ರಮ

ಹವ್ಯಾಸಿಯು ಮೊದಲು ಆಟವನ್ನು ಯಂತ್ರಭಾಷೆಯಲ್ಲಿ ಬರೆದು, ಮೊದಲ ನಾಲ್ಕು ಅಕ್ಷರಗಳಲ್ಲಿ ಆರಂಭದ ಸ್ಥಾನಗಳನ್ನೂ ಅನಂತರದ ಐದರಲ್ಲಿ ಮೇಲೆ ಹೇಳಿದ ಗುರುತನ್ನೂ ಇಡುತ್ತಾನೆ. ಬಳಿಕ ಈಪ್ರೋಮನ್ನು ಅಳಿಸುತ್ತಾನೆ. ಚಿಪ್ಪಿನ ನೆತ್ತಿಯಲ್ಲಿ ಸ್ಫಟಿಕದ ಒಂದು ಕಿಟಕಿಯುಂಟು. ಅದನ್ನು ಅತಿನೇರಳೆ ದೀಪಕ್ಕೆ ಸುಮಾರು ಒಂದಂಗುಲ ಸಮೀಪದಲ್ಲಿ 15ರಿಂದ 20 ನಿಮಿಷ ಹಿಡಿದರೆ ಹಿಂದಿನ ಬರಹವೆಲ್ಲ ಅಳಿದು ಪ್ರತಿಯೊಂದು ಕಣವೂ ಒಂದು ಎಂಬ ಸ್ಥಿತಿಗೆ ಬರುತ್ತದೆ. ಬರೆಯುವುದೆಂದರೆ ಬೇಕಾದೆಡೆ ಸೊನ್ನೆಗಳನ್ನು ಕೊರೆಯುವುದು. ಓದಲು 5 ವೋಲ್ಟು ಸಾಕು. ಬರೆಯುವಾಗ ಮಾತ್ರ ಚಿಪ್ಪಿನ ಜಾತಿಗನುಸಾರವಾಗಿ 12.5 ಅಥವಾ 21 ವೋಲ್ಟು ಬೇಕು. ಈ ಕೆಲಸಕ್ಕೆಂದು ಗಣಕಕ್ಕೇ ಜೋಡಿಸುವ ಸಣ್ಣ ಲೇಖನಯಂತ್ರಗಳು 1980ರ ದಶಕದಲ್ಲಿಯೇ ದೊರೆಯುತ್ತಿದ್ದುವು.

ಇನ್ನು ಹಲಗೆ. ಚಿಪ್ಪಿನಲ್ಲಿ ಸ್ಥಾನಸೂಚಕವಾದ ಕಾಲುಗಳು 13. ಒಂದು ತಂತಿಯು ಎರಡು ಸ್ಥಾನಗಳನ್ನೂ ಎರಡು ತಂತಿಗಳು ನಾಲ್ಕನ್ನೂ ಸೂಚಿಸುತ್ತ, ಹೀಗೆ ಇಮ್ಮಡಿಯಾಗುತ್ತ ಹೋಗಿ, 13 ತಂತಿಗಳಿಂದ 8192 ಸ್ಥಾನಗಳಾಗುತ್ತವೆ. ಈ 13ನ್ನೂ ಅಕ್ಷರವಾಹಕವಾದ 8 ಕಾಲುಗಳನ್ನೂ ಗಂಡಿಯ ಅದೇ ಹೆಸರಿನ ಸಂಪರ್ಕಗಳಿಗೆ ಬೆಸೆಯಬೇಕು. ಚಿಪ್ಪನ್ನು ಎಚ್ಚರಿಸುವ ಕಾಲನ್ನು ರೋಮ್‌ಎಲ್ ಎಂಬ ಸಂಜ್ಞೆಗೂ, ಎಕ್ಸ್‌ರೋಮನ್ನು ನೆಲದ ತಂತಿಗೂ ಕೂಡಿಸಬೇಕು. ವಿದ್ಯುತ್ತಿನ ತುಯ್ತವನ್ನು ತಡೆಯಲು ಒಂದು ಚಿಕ್ಕ ಕೆಪಾಸಿಟರು ಇದ್ದರೆ ಒಳ್ಳೆಯದು. ಇಷ್ಟಾದರೆ ಕಾರ್ಟ್ರಿಜ್ಜು ಸಿದ್ಧ. ಕೊನೆಯದಾಗಿ ಕಿಟಕಿಯ ಮೇಲೆ ಬೆಳಕು ತೂರದ ಚೀಟಿಯನ್ನು ಅಂಟಿಸಬೇಕು. ಇದು ಅಲಂಕಾರಕ್ಕಲ್ಲ. ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರವಿದ್ದರೆ ಬರಹವು ಅಳಿದೀತು. ಕೋಣೆಯ ಕೊಳವೆದೀಪದ ಬೆಳಕೂ ಸುಮಾರು ಮೂರು ವರ್ಷಗಳಲ್ಲಿ ಅದೇ ಕೆಲಸವನ್ನು ಮಾಡಬಲ್ಲದು.

ಅಪಾಯಗಳೂ ಇಲ್ಲದಿಲ್ಲ. ಗಂಡಿಯ ತಂತಿಗಳು ನೆಟ್ಟಗೆ ಯಂತ್ರದ ಹೃದಯಕ್ಕೇ ಹೋಗುತ್ತವೆ, ನಡುವೆ ಕಾವಲಿಲ್ಲ. ವಿದ್ಯುತ್ತು ಹರಿಯುತ್ತಿರುವಾಗ ಹಲಗೆಯನ್ನು ತೂರಿಸಿದರೆ, ಇಲ್ಲವೆ ಡಬ್ಬಿಯಿಲ್ಲದ ಬರಿಯ ಹಲಗೆಯನ್ನು ತಲೆಕೆಳಗಾಗಿ ಇಟ್ಟರೆ, ಯಂತ್ರವೇ ಕೆಟ್ಟೀತು. ಆದುದರಿಂದ ಬೆಸುಗೆ ಮುಗಿದ ಮೇಲೆ ಒಂದೊಂದು ತಂತಿಯನ್ನೂ ಮೀಟರಿನಿಂದ ಪರೀಕ್ಷಿಸುವುದು ಈ ಕೆಲಸದಲ್ಲಿ ನುರಿತವರ ಪದ್ಧತಿ.

ಮುಚ್ಚಿದ ಬಾಗಿಲು

ಇದೇ ಕಾಲದಲ್ಲಿ ಇನ್ನೊಂದು ಕಂಪೆನಿಯು ಹಿಡಿದ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯವರು 1981ರಲ್ಲಿ ಟಿಐ 99/4ಎ ಎಂಬ ಗೃಹಗಣಕವನ್ನು ಹೊರಡಿಸಿದರು. ಅದರ ಕಾರ್ಟ್ರಿಜ್ಜುಗಳಲ್ಲಿ ಗ್ರೋಮ್ ಎಂಬ ವಿಶಿಷ್ಟವಾದ ಚಿಪ್ಪಿರುತ್ತಿದ್ದಿತು. ಅದನ್ನು ತಯಾರಿಸುತ್ತಿದ್ದವರು ಅವರೊಬ್ಬರೇ. ಆಟಗಳ ಲಾಭವು ತಮಗೇ ಸೇರಬೇಕೆಂಬುದು ಅವರ ಇಂಗಿತ. ಇತರರು ಸಾಧಾರಣ ರೋಮ್ ಚಿಪ್ಪಿನಿಂದಲೇ ಕೆಲಸ ಸಾಗಿಸುವ ಉಪಾಯವನ್ನು ಕಂಡುಕೊಂಡು ಆಟಗಳನ್ನು ಮಾರತೊಡಗಿದಾಗ, ಕಂಪೆನಿಯು 1983ರಲ್ಲಿ ಯಂತ್ರವನ್ನು ತಿದ್ದಿ, ಗ್ರೋಮ್ ಇಲ್ಲದ ಕಾರ್ಟ್ರಿಜ್ಜನ್ನು ಅದು ಅಂಗೀಕರಿಸದಂತೆ ಮಾಡಿತು. ಆದರೆ ಆ ವೇಳೆಗೆ ಕಾಮಡೋರಿನೊಡನೆ ನಡೆದ ಬೆಲೆಯಿಳಿಸುವ ಪೈಪೋಟಿಯಲ್ಲಿ ಅವರು ಬಹಳ ನಷ್ಟವನ್ನು ಅನುಭವಿಸಿದ್ದರು. 1983ರ ಅಕ್ಟೋಬರಿನಲ್ಲಿ ಗೃಹಗಣಕದ ವ್ಯಾಪಾರವನ್ನೇ ಬಿಟ್ಟುಬಿಡುವುದಾಗಿ ಸಾರಿದರು. ಬೀಗ ಹಾಕಿದವರು ಹೊರಟುಹೋದರು. ಬೀಗವು ಮಾತ್ರ ಉಳಿಯಿತು. ಇಂದಿಗೂ ಆ ತಿದ್ದುಪಡಿಯಾದ ಯಂತ್ರವಿರುವ ಹವ್ಯಾಸಿಗಳು, ಗ್ರೋಮಿನ ನಡೆಯನ್ನು ಅನುಕರಿಸುವ ಬೇರೊಂದು ಚಿಪ್ಪನ್ನು ಇಟ್ಟಲ್ಲದೆ ತಮ್ಮ ಆಟವನ್ನು ಅದರಲ್ಲಿ ನಡೆಸಲಾರರು.

ಬಾಗಿಲು ತೆರೆದಿದ್ದುದರಿಂದಲೂ ಕೇಡಾಗಲಿಲ್ಲವೆಂದಲ್ಲ. ಅಟಾರಿಯ ಯಂತ್ರಕ್ಕೆ ಯಾರು ಬೇಕಾದರೂ ಆಟ ಮಾರಬಹುದಾದಾಗ ಕಳಪೆಯ ಸರಕು ಅಂಗಡಿಗಳಲ್ಲಿ ತುಂಬಿತು. ಸ್ವತಃ ಅಟಾರಿಯೂ ಆತುರದಿಂದ ಮಾಡಿದ ಆಟಗಳನ್ನು ಮಿತಿಮೀರಿ ತಯಾರಿಸಿತು. 1983ರಲ್ಲಿ ಅಮೆರಿಕದ ಆಟದ ವ್ಯಾಪಾರವು ಕುಸಿಯಿತು. ಮಾರಾಟವಾಗದ ಕಾರ್ಟ್ರಿಜ್ಜುಗಳನ್ನು ಅಟಾರಿಯವರು ಆ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೋ ಸಂಸ್ಥಾನದ ಆಲಮಗೋರ್ಡೋ ಎಂಬಲ್ಲಿ ಹಳ್ಳ ತೋಡಿ ಹೂತರು. 2014ರ ಏಪ್ರಿಲಿನಲ್ಲಿ ಅಗೆದಾಗ ಅವು ಮತ್ತೆ ಹೊರಬಂದುವು. ಈ ಕುಸಿತದಿಂದ ಪಾಠ ಕಲಿತ ಜಪಾನಿನ ನಿಂಟೆಂಡೋ ಕಂಪೆನಿಯು 1985ರಲ್ಲಿ ಅಮೆರಿಕಕ್ಕೆ ತಂದ ತನ್ನ ಯಂತ್ರದಲ್ಲಿ ಬೀಗದ ಚಿಪ್ಪೊಂದನ್ನು ಇಟ್ಟಿತು. ಕಳಪೆಯನ್ನು ತಡೆಯಲು ಬೀಗ ಬೇಕೆನ್ನುವವರ ವಾದವು ನಿರಾಧಾರವಾದುದಲ್ಲವೆಂಬುದನ್ನು ಇದರಿಂದ ಒಪ್ಪಬೇಕಾಗುತ್ತದೆ. ಆದರೆ ಅದು ಅಂಗಡಿಯ ಮಾತು. ಮನೆಯಲ್ಲಿ ತನಗಾಗಿ ಒಂದು ಪ್ರತಿಯನ್ನು ಮಾಡಿಕೊಳ್ಳುವವನಿಂದ ಯಾವ ಅಂಗಡಿಯೂ ಮುಳುಗದು.

ಒಡೆಯನಿಲ್ಲದ ಮೇಲೆ

1990ರಲ್ಲಿ ಕಾಮಡೋರಿನವರು ಅದೇ ಯಂತ್ರವನ್ನು ಕೀಲಿಮಣೆಯಿಲ್ಲದೆ, ಕಾರ್ಟ್ರಿಜ್ಜಿಗೆ ಮಾತ್ರ ಒಪ್ಪುವಂತೆ ರೂಪಿಸಿ ಮಾರಿನೋಡಿದರು. ಅದರೊಡನೆ ಬಳಸಲೆಂದು ಹೊರಟ ಟರ್ಮಿನೇಟರ್ 2 ಎಂಬ ಆಟವು ಆರಂಭದಲ್ಲಿಯೇ ಕೀಲಿಯೊಂದನ್ನು ಒತ್ತೆಂದು ಕೇಳುತ್ತಿದ್ದಿತು. ಒತ್ತಲು ಕೀಲಿಮಣೆಯೇ ಇಲ್ಲ! ಆ ಪ್ರಯತ್ನವು ಸೋತುಹೋಯಿತು. 1994ರ ಏಪ್ರಿಲಿನಲ್ಲಿ ಕಂಪೆನಿಯೇ ದಿವಾಳಿಯಾಯಿತು.

ಒಡೆಯನು ಹೋದ ಮೇಲೆ ಯಂತ್ರವೂ ಮೂಲೆಗುಂಪಾಗುವುದು ಲೋಕರೂಢಿ. ಇಲ್ಲಿ ಹಾಗಾಗಲಿಲ್ಲ. ನಕ್ಷೆಯು ಪ್ರಕಟವಾಗಿದ್ದುದರಿಂದ ಹೊಸ ತಲೆಮಾರಿನವರು ಹೊಸ ಹಲಗೆಗಳನ್ನು ಬರೆದರು. ಈಸಿಫ್ಲ್ಯಾಷ್ ಎಂಬ ಹಲಗೆಯಲ್ಲಿ, ಕಿರಣದ ಹಂಗಿಲ್ಲದೆ ವಿದ್ಯುತ್ತಿನಿಂದಲೇ ಅಳಿಸಬಹುದಾದ ಎರಡು ಚಿಪ್ಪುಗಳಿದ್ದು, ಒಟ್ಟು 1024 ಕಿಲೋಬೈಟು ಹಿಡಿಯುತ್ತದೆ. ಗಂಡಿಗೆ ಕಾಣುವುದು ಒಂದು ಸಲಕ್ಕೆ 16 ಕಿಲೋಬೈಟು ಮಾತ್ರವಾದುದರಿಂದ, ಕಟ್ಟಿನ ಓಲೆಗಳನ್ನು ಮಗುಚುವಂತೆ 64 ಪುಟಗಳನ್ನು ಒಂದೊಂದಾಗಿ ಮುಂದಕ್ಕೆ ತರುವ ಏರ್ಪಾಡು ಅದರಲ್ಲುಂಟು. 2010ರ ದಶಕದಲ್ಲಿ 16 ಕಿಲೋಬೈಟಿನೊಳಗೆ ಆಟ ಬರೆಯುವ ಸ್ಪರ್ಧೆಗಳು ನಡೆದುವು. 2017ರ ಡಿಸೆಂಬರಿನಲ್ಲಿ ಜರ್ಮನಿಯ ಹವ್ಯಾಸಿಗಳ ಒಂದು ತಂಡವು ಸ್ಯಾಮ್ಸ್ ಜರ್ನಿ ಎಂಬ ಹೊಚ್ಚ ಹೊಸ ಆಟವನ್ನು ಈ ಯಂತ್ರಕ್ಕಾಗಿ ಕಾರ್ಟ್ರಿಜ್ಜಿನ ರೂಪದಲ್ಲಿಯೂ ಹೊರಡಿಸಿತು. ಆಗ ಯಂತ್ರಕ್ಕೆ ವಯಸ್ಸು ಮೂವತ್ತೈದು.

ಈ ಕೈಕೆಲಸಕ್ಕೆ ಆಟಕ್ಕಿಂತ ಹೆಚ್ಚಿನ ಪ್ರಯೋಜನವೊಂದು ಕೂಡಿಬಂದಿದೆ. ಟೇಪು, ತಟ್ಟೆಗಳ ಕಾಂತಲೇಪವು ವರ್ಷ ಕಳೆದಂತೆ ಉದುರುತ್ತದೆ. ಈಪ್ರೋಮಿನಲ್ಲಿ ಸೆರೆಯಾದ ವಿದ್ಯುದಂಶವೂ ಶಾಶ್ವತವಲ್ಲ. ಅದು ಕಣಕಣವಾಗಿ ಸೋರಿಹೋಗಿ ಒಂದು ದಿನ ಸೊನ್ನೆಯು ಒಂದಾಗಿಬಿಡುತ್ತದೆ. ಆದುದರಿಂದ ಉಳಿಯಬೇಕಾದ ಬರಹವನ್ನು ಹಳೆಯ ಚಿಪ್ಪಿನಿಂದ ಹೊಸ ಚಿಪ್ಪಿಗೆ ಕಾಲಕಾಲಕ್ಕೆ ಪ್ರತಿಮಾಡುತ್ತಲೇ ಇರಬೇಕು. ಹುಳು ಹಿಡಿದ ಓಲೆಯ ಗ್ರಂಥಗಳು ಇಂದಿಗೆ ಉಳಿದಿರುವುದು ಓಲೆಯ ಬಾಳಿಕೆಯಿಂದಲ್ಲ, ಲಿಪಿಕಾರರ ಕೈಗಳಿಂದ ಎಂಬುದನ್ನು ವಾಚಕರು ಬಲ್ಲರು.

ಪರರ ಕೃತಿಯನ್ನು ಪ್ರತಿಮಾಡಿ ಮಾರುವುದು ಕಳ್ಳತನವೇ. ಕೈಕೆಲಸದ ಹೆಸರಿನಲ್ಲಿ ಅದು ಸಾಧುವಾಗದು. ಹಾಗೆಯೇ ಹೊಸ ಹಲಗೆಗೆ ಡಬ್ಬಿ ಬೇಕೆಂದು ಅಪರೂಪವಾದ ಹಳೆಯ ಕಾರ್ಟ್ರಿಜ್ಜನ್ನು ಒಡೆದು ಹಾಳುಮಾಡಿದವರೂ ಉಂಟು. ದೇಗುಲದ ಕಲ್ಲನ್ನು ಕಿತ್ತು ಮನೆ ಕಟ್ಟಿದಂಥ ಕೆಲಸವದು. ಈಚೆಗೆ ಡಬ್ಬಿಗಳನ್ನೂ ಮನೆಯಲ್ಲಿಯೇ ಅಚ್ಚುಹಾಕಬಹುದಾದುದರಿಂದ ಆ ನೆವವು ಉಳಿದಿಲ್ಲ. ಆದರೆ ರಕ್ಷಣೆಗಾಗಿ ಮಾಡುವ ಪ್ರತಿಯನ್ನು ಕಳವಿನೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದನ್ನು ಕಾನೂನೂ ಕಂಡುಕೊಂಡಿದೆ. ಅಮೆರಿಕದಲ್ಲಿ 2003ರಲ್ಲಿ, ಬಳಕೆ ತಪ್ಪಿದ ಯಂತ್ರಗಳ ವಿಧಿಗಳನ್ನೂ ಆಟಗಳನ್ನೂ ಓದುವ ಸಲುವಾಗಿ ಅವುಗಳ ಬೀಗವನ್ನು ಬಿಡಿಸಿದರೆ ತಪ್ಪಿಲ್ಲವೆಂದು ಒಂದು ವಿನಾಯಿತಿಯನ್ನು ಸಾರಲಾಯಿತು.

ಎರಡು ಯಂತ್ರಗಳ ಕಥೆಯನ್ನು ಅಕ್ಕಪಕ್ಕದಲ್ಲಿಟ್ಟರೆ ತಾತ್ಪರ್ಯವು ತಾನಾಗಿ ತಿಳಿಯುತ್ತದೆ. ಇಬ್ಬರು ಒಡೆಯರೂ ಆ ವ್ಯಾಪಾರದಿಂದ ಮರೆಯಾದರು. ಒಬ್ಬರು ಬಿಟ್ಟುಹೋದುದು ಬೀಗ; ಇನ್ನೊಬ್ಬರು ಬಿಟ್ಟುಹೋದುದು ನಕ್ಷೆ. ಬೀಗದ ಎದುರಿಗೆ ಹವ್ಯಾಸಿಗಳು ಇಂದಿಗೂ ಹೆಣಗುತ್ತಿದ್ದಾರೆ. ನಕ್ಷೆಯು ದೊರೆತ ಕಡೆ, ಎಳೆಯರು ತಾವು ಹುಟ್ಟುವುದಕ್ಕೆ ಮೊದಲೇ ತಯಾರಾದ ಯಂತ್ರದ ಮುಂದೆ ಕುಳಿತು ಹದಿಮೂರು ತಂತಿಗಳನ್ನು ಎಣಿಸುತ್ತ ಬೆಸುಗೆ ಹಾಕುತ್ತಿದ್ದಾರೆ. ಕಲಿಸಿದ ವಿದ್ಯೆಯು ಕಲಿಸಿದವನಿಗಿಂತ ಹೆಚ್ಚು ಕಾಲ ಬಾಳುತ್ತದೆಂಬ ಹಳೆಯ ಮಾತು ಯಂತ್ರಗಳ ವಿಷಯದಲ್ಲಿಯೂ ಸತ್ಯವಾಗಿದೆ.